ನಿದ್ರೆಯಿಂದೇಳದ ಲ್ಯಾಪ್‌ಟಾಪ್: ದೋಷಶೋಧನೆಯ ಒಂದು ಪಾಠ

(ಗಡಿನಾಡಿನ ಕನ್ನಡ ಮಾಧ್ಯಮ ಅಧ್ಯಾಪಕರ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಪ್ರೌಢಶಾಲೆಯೊಂದರ ವಿಜ್ಞಾನ ಅಧ್ಯಾಪಿಕೆಯೊಬ್ಬರು ಓಣಂ ಪರೀಕ್ಷೆಗೆ ಮುನ್ನ ಹತ್ತನೆಯ ತರಗತಿಯ ಮಕ್ಕಳಿಗಾಗಿ ಪುನರಾವರ್ತನೆಯ ಅಭ್ಯಾಸ ಹಾಳೆಗಳನ್ನು ಟೈಪು ಮಾಡುತ್ತಿದ್ದರು. ಎರಡು ಬಿಡುವಿನ ಅವಧಿಗಳ ದುಡಿಮೆ ತೆರೆಯ ಮೇಲಿತ್ತು. ಗಂಟೆ ಬಾರಿಸಿತು. ಲ್ಯಾಪ್‌ಟಾಪಿನ ಮುಚ್ಚಳವನ್ನು ಮುಚ್ಚಿ ತರಗತಿಗೆ ಹೋದರು. ಮರಳಿ ಬಂದು ತೆರೆದಾಗ ಪುಟವೇನೋ ಕಾಣಿಸಿತು, ಮೌಸಿನ ಬಾಣವೂ ಚಲಿಸಿತು. ಆದರೆ ಕಡತ ಉಳಿಯಲಿಲ್ಲ, ಹೊಸ ಕಿಟಕಿಯೊಂದೂ ತೆರೆಯಲಿಲ್ಲ. ಬೇರೆ ದಾರಿ ಕಾಣದೆ ವಿದ್ಯುತ್ ಗುಂಡಿಯನ್ನು ಒತ್ತಿ ಹಿಡಿದರು. ಯಂತ್ರ ಮರಳಿ ಆರಂಭವಾದಾಗ ಹಾಳೆಗಳಲ್ಲಿ ಮೊದಲ ಎರಡು ಪುಟ ಮಾತ್ರ ಉಳಿದಿದ್ದವು.

ಆ ಲ್ಯಾಪ್‌ಟಾಪ್ ಅಧ್ಯಾಪಿಕೆಯ ಸ್ವಂತದ್ದು, ಹಳೆಯದು. ಹತ್ತು ವರ್ಷಗಳ ಪಾಠ ಟಿಪ್ಪಣಿ, ಕನ್ನಡದಲ್ಲಿ ಹೆಸರು ಬರೆದ ಚಿತ್ರಗಳು, ಪ್ರಶ್ನೆಗಳ ಸಂಗ್ರಹ, ಎಲ್ಲವೂ ಅದರೊಳಗಿದ್ದವು. ಜೂನ್ ತಿಂಗಳ ಆರಂಭದಲ್ಲಿ ಅದರ 500 ಜಿಬಿ ಹಾರ್ಡ್ ಡಿಸ್ಕನ್ನು ತೆಗೆಸಿ, 256 ಜಿಬಿಯ ಎಸ್‌ಎಸ್‌ಡಿಯನ್ನು ಹಾಕಿಸಿದ್ದರು. ಮೊದಲಿಗಿಂತ ಬಹಳ ಚುರುಕಾಗಿ ಕೆಲಸ ಮಾಡುತ್ತಿದ್ದ ಯಂತ್ರ ಈಗ ಈ ಚಾಳಿ ಹಿಡಿದಿತ್ತು. ಇಂಗ್ಲಿಷ್ ಅಥವಾ ಮಲಯಾಳ ಮಾಧ್ಯಮದ ಅಧ್ಯಾಪಕರಿಗೆ ಒಂದು ಹಾಳೆ ಕಳೆದುಹೋದರೆ ಇನ್ನೊಂದು ಬೇಗನೆ ದೊರೆಯಬಹುದು. ಗಡಿನಾಡಿನ ಕನ್ನಡ ತರಗತಿಗೆ ಬೇಕಾದುದನ್ನು ಬಹುಮಟ್ಟಿಗೆ ಅಧ್ಯಾಪಕರೇ ಸಿದ್ಧಪಡಿಸಿಕೊಳ್ಳಬೇಕು. ಆದುದರಿಂದ ಇಂತಹ ಒಂದು ಯಂತ್ರದ ಆರೋಗ್ಯವು ಆ ತರಗತಿಯ ಆರೋಗ್ಯವೂ ಹೌದು.

ಲಕ್ಷಣಗಳನ್ನು ಬೇರ್ಪಡಿಸುವುದು

ಅಧ್ಯಾಪಿಕೆ ತಮ್ಮ ಶಾಲೆಯ ಗಣಿತ ಅಧ್ಯಾಪಕರೊಡನೆ ವಿಷಯ ಹೇಳಿಕೊಂಡರು.

“ಮಾಸ್ಟ್ರೇ, ಹೊಸ ಡ್ರೈವ್ ಹಾಕಿದ ಮೇಲೆಯೇ ಇದೆಲ್ಲ ಶುರುವಾದದ್ದು.”

“ಇದೆಲ್ಲ ಎಂದರೆ ಯಾವುದೆಲ್ಲ ಟೀಚರೇ? ಒಂದೊಂದನ್ನೇ ಬರೆಯುವಾ.”

ಬರೆಯಲು ಕುಳಿತಾಗ ಒಂದೇ ಎನಿಸಿದ್ದ ತೊಂದರೆ ಮೂರಾಯಿತು. ಒಂದು, ಯಂತ್ರವನ್ನು ಪೂರ್ತಿಯಾಗಿ ಆರಿಸಿ ಮರಳಿ ಹಚ್ಚಿದಾಗ ಸುಮಾರು ಒಂದೂವರೆ ನಿಮಿಷ ಏನೂ ನಡೆಯದೆ ನಿಂತು, ಬಳಿಕ ಸರಿಯಾಗಿ ತೆರೆಯುತ್ತಿತ್ತು. ಎರಡು, ಮುಚ್ಚಳ ಮುಚ್ಚಿ ತೆರೆದಾಗ ಕೆಲವೊಮ್ಮೆ ತೆರೆ ಕಾಣಿಸಿಯೂ ಯಂತ್ರ ಸ್ತಬ್ಧವಾಗುತ್ತಿತ್ತು. ಮೂರು, ಸಂಜೆ ಮಲಗಿಸಿ ಚೀಲದಲ್ಲಿಟ್ಟ ಯಂತ್ರವು ಮನೆ ಸೇರುವಷ್ಟರಲ್ಲಿ ಬಿಸಿಯಾಗಿ, ಬ್ಯಾಟರಿ ಬಹುಪಾಲು ಬರಿದಾಗಿರುತ್ತಿತ್ತು.

“ಎಲ್ಲವೂ ಹಾಳಾಗಿದೆ” ಎಂಬ ಮಾತಿನಿಂದ ಯಾವ ದೋಷವೂ ಸಿಗುವುದಿಲ್ಲ. ಭಾಗಾಕಾರ ತಪ್ಪುವ ಮಗುವನ್ನು ಕುರಿತು “ಗಣಿತ ಬಾರದು” ಎಂದರೆ ಹೇಗೋ ಇದೂ ಹಾಗೆಯೇ. ಆ ಮಗುವಿಗೆ ತಪ್ಪುತ್ತಿರುವುದು ಮಗ್ಗಿಯೇ, ಸ್ಥಾನಬೆಲೆಯೇ, ಕಳೆಯುವ ಕ್ರಮವೇ ಎಂದು ನೋಡಿದ ಮೇಲೆ ಮಾತ್ರ ಮುಂದಿನ ಹೆಜ್ಜೆ ತಿಳಿಯುತ್ತದೆ.

ನಿದ್ರೆ ಎಂದರೇನು?

ಮುಂದುವರಿಯುವ ಮುನ್ನ ಲ್ಯಾಪ್‌ಟಾಪಿನ ವಿಶ್ರಾಂತಿಯ ಬಗೆಗಳನ್ನು ತಿಳಿಯುವುದು ಅಗತ್ಯ.

ಸಾಮಾನ್ಯ ನಿದ್ರೆಯಲ್ಲಿ ಸಂಸ್ಕಾರಕ, ತೆರೆ, ಸಂಗ್ರಹ ಸಾಧನ ಇವೆಲ್ಲಕ್ಕೂ ವಿದ್ಯುತ್ ನಿಲ್ಲುತ್ತದೆ. ರ್‍ಯಾಮ್ ಎಂಬ ತಾತ್ಕಾಲಿಕ ಸ್ಮೃತಿಗೆ ಮಾತ್ರ ಅಲ್ಪ ವಿದ್ಯುತ್ ಹರಿಯುತ್ತಲೇ ಇರುತ್ತದೆ. ತೆರೆದಿಟ್ಟ ಪುಟ ಅಲ್ಲಿ ಹಾಗೆಯೇ ಉಳಿದಿರುತ್ತದೆ. ತಾಂತ್ರಿಕ ಬರಹಗಳಲ್ಲಿ ಇದನ್ನು ಎಸ್-3 ಸ್ಥಿತಿ ಎನ್ನುತ್ತಾರೆ.

ಶಿಶಿರನಿದ್ರೆಯಲ್ಲಿ, ಅಂದರೆ ಹೈಬರ್ನೇಶನ್ ಎಂಬ ಸ್ಥಿತಿಯಲ್ಲಿ, ಸ್ಮೃತಿಯಲ್ಲಿರುವುದನ್ನೆಲ್ಲ ಸಂಗ್ರಹ ಸಾಧನಕ್ಕೆ ಬರೆದಿಟ್ಟು ಯಂತ್ರ ಪೂರ್ತಿಯಾಗಿ ಆರುತ್ತದೆ. ಮರಳಿ ಏಳುವಾಗ ಬರೆದಿಟ್ಟುದನ್ನು ಓದಿಕೊಳ್ಳುತ್ತದೆ.

ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮೂರನೆಯ ಬಗೆಯೊಂದಿದೆ. ಮಾಡರ್ನ್ ಸ್ಟ್ಯಾಂಡ್‌ಬೈ ಎಂದು ಕರೆಯುವ ಈ ಸ್ಥಿತಿಯಲ್ಲಿ ಯಂತ್ರ ಪೂರ್ತಿ ಮಲಗುವುದಿಲ್ಲ, ತೂಕಡಿಸುತ್ತಿರುತ್ತದೆ. ಪ್ರತಿಯೊಂದು ಭಾಗವೂ ತನ್ನಷ್ಟಕ್ಕೆ ಕಡಿಮೆ ವಿದ್ಯುತ್ತಿನ ಸ್ಥಿತಿಗೆ ಇಳಿಯಬೇಕು. ಒಂದು ಭಾಗ ಇಳಿಯದಿದ್ದರೂ ಬ್ಯಾಟರಿ ಸೋರುತ್ತದೆ.

ಇದರಿಂದ ಒಂದು ಮುಖ್ಯ ಸಂಗತಿ ಹೊರಡುತ್ತದೆ. ಸಾಮಾನ್ಯ ನಿದ್ರೆಯಲ್ಲಿ ಪುಟವನ್ನು ಕಾಯುವುದು ಸ್ಮೃತಿಯೇ ಹೊರತು ಡ್ರೈವ್ ಅಲ್ಲ. ಆದರೆ ಎದ್ದ ಕೂಡಲೇ ವ್ಯವಸ್ಥೆಯು ಡ್ರೈವನ್ನು ಕರೆಯುತ್ತದೆ. ಆ ಕರೆಗೆ ಉತ್ತರ ಬಾರದಿದ್ದರೆ, ಸ್ಮೃತಿಯಲ್ಲಿರುವ ಪುಟ ಕಣ್ಣಿಗೆ ಕಾಣುತ್ತಿದ್ದರೂ ಅದನ್ನು ಬರೆದಿಡಲು ಸ್ಥಳವಿರುವುದಿಲ್ಲ. ಅಧ್ಯಾಪಿಕೆ ಕಂಡದ್ದು ಇದನ್ನೇ. ಇಂತಹ ಸಂದರ್ಭದಲ್ಲಿ ಗುಂಡಿ ಒತ್ತುವ ಮುನ್ನ ಮೊಬೈಲಿನಲ್ಲಿ ತೆರೆಯ ಚಿತ್ರ ತೆಗೆದುಕೊಳ್ಳುವುದು ಒಳ್ಳೆಯದು. ಪುಟ ಸರಿಸಲು ಸಾಧ್ಯವಾದರೆ ಒಂದೊಂದು ಪುಟದ ಚಿತ್ರವನ್ನೂ ತೆಗೆಯಬಹುದು. ಅಕ್ಷರಗಳನ್ನು ಮತ್ತೆ ಟೈಪು ಮಾಡಬೇಕಾದೀತು, ಆದರೆ ಮತ್ತೆ ಯೋಚಿಸಬೇಕಾಗಿಲ್ಲ.

ಮೊದಲು ರಕ್ಷಣೆ, ಬಳಿಕ ಪರೀಕ್ಷೆ

ಗಣಿತ ಅಧ್ಯಾಪಕರು ಮೊದಲು ಮಾಡಿಸಿದ್ದು ಯಾವ ತಿದ್ದುಪಡಿಯನ್ನೂ ಅಲ್ಲ. ಹತ್ತು ವರ್ಷಗಳ ಕಡತಗಳನ್ನು ಬೇರೊಂದು ಹೊರ ಡ್ರೈವಿಗೆ ನಕಲು ಮಾಡಿಸಿದರು. ಅಂಗಡಿಯಿಂದ ಮರಳಿ ಪಡೆದಿದ್ದ ಹಳೆಯ ಹಾರ್ಡ್ ಡಿಸ್ಕನ್ನು ಅಳಿಸದೆ ಹಾಗೆಯೇ ಇಡುವಂತೆ ಹೇಳಿದರು. ಸಂಗ್ರಹ ಸಾಧನ ಬದಲಿಸಿದವರೆಲ್ಲರೂ ಕನಿಷ್ಠ ಒಂದೆರಡು ತಿಂಗಳು ಹಳೆಯದನ್ನು ಕಾಯ್ದಿರಿಸುವುದು ಕ್ಷೇಮ. ಹೊಸತು ಕೈಕೊಟ್ಟರೆ ಮರಳಲು ಒಂದು ದಾರಿ ಇರುತ್ತದೆ. ಜೊತೆಗೆ, ಹಳೆಯದನ್ನು ಮತ್ತೆ ಜೋಡಿಸಿ ನೋಡಿದರೆ ದೋಷ ಉಳಿಯುವುದೋ ಹೋಗುವುದೋ ಎಂಬುದೇ ಒಂದು ಉತ್ತಮ ಪರೀಕ್ಷೆ.

ಇಲ್ಲಿ ಎಚ್ಚರಿಕೆಯ ಒಂದು ಮಾತು ಹೇಳಬೇಕು. ಸರಕಾರವು ಶಾಲೆಗೆ ಕೊಟ್ಟ ಲ್ಯಾಪ್‌ಟಾಪ್‌ಗಳನ್ನು ಬಿಚ್ಚಬಾರದು. ಅವುಗಳ ದೋಷವನ್ನು ನಿಗದಿತ ಕ್ರಮದಲ್ಲಿ ವರದಿ ಮಾಡಬೇಕು. ಬಿಚ್ಚುವ ಕೆಲಸ ಸ್ವಂತ ಯಂತ್ರಕ್ಕೆ ಮಾತ್ರ, ಅದೂ ಖಾತರಿ ಅವಧಿ ಮುಗಿದಿದ್ದರೆ ಮಾತ್ರ.

ಬದಲಾದುದು ಏನೇನು?

“ಡ್ರೈವ್ ಬದಲಿಸಿದೆ” ಎಂಬ ಒಂದೇ ವಾಕ್ಯದಲ್ಲಿ ಮೂರು ಕ್ರಿಯೆಗಳು ಅಡಗಿವೆ. ಯಂತ್ರವನ್ನು ಬಿಚ್ಚಿ ಮುಚ್ಚಲಾಯಿತು. ಹಳೆಯದರಲ್ಲಿದ್ದುದನ್ನು ಹೊಸದಕ್ಕೆ ನಕಲಿಸಲಾಯಿತು. ಬೇರೆ ಸ್ವಭಾವದ ಸಾಧನವೊಂದು ಒಳಗೆ ಬಂದಿತು. ಮೂರರಲ್ಲಿ ಯಾವುದರಿಂದಲೂ ದೋಷ ಹುಟ್ಟಬಹುದು. ಅದೇ ದಿನಗಳಲ್ಲಿ ನಡೆದ, ಡ್ರೈವಿಗೆ ಸಂಬಂಧವೇ ಇಲ್ಲದ ಇನ್ನೊಂದು ಬದಲಾವಣೆಯೂ ಇರಬಹುದು. ಆದುದರಿಂದ ಅಧ್ಯಾಪಿಕೆ ಒಂದು ಪುಸ್ತಕದಲ್ಲಿ ಕೋಷ್ಟಕ ಎಳೆದರು: ದಿನಾಂಕ, ಮಾಡಿದ ಒಂದು ಬದಲಾವಣೆ, ಎಷ್ಟು ಬಾರಿ ಮಲಗಿಸಿ ಎಬ್ಬಿಸಲಾಯಿತು, ಎಷ್ಟು ಬಾರಿ ಕೆಟ್ಟಿತು. ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬುದು ನಿಯಮ.

ಮೊದಲನೆಯ ಲಕ್ಷಣ: ಆರಂಭದಲ್ಲಿ ಒಂದೂವರೆ ನಿಮಿಷ

ಆ ಯಂತ್ರದಲ್ಲಿದ್ದುದು ಉಬುಂಟು ಆಧಾರಿತ ಲಿನಕ್ಸ್. ಕೇರಳದ ಶಾಲೆಗಳಿಗೆ ಕೈಟ್ ಸಂಸ್ಥೆ ಒದಗಿಸುವುದೂ ಇದೇ ಬಗೆಯ ವ್ಯವಸ್ಥೆಯಾದ ಕಾರಣ ಕಾಸರಗೋಡಿನ ಅಧ್ಯಾಪಕರಿಗೆ ಇದು ಪರಿಚಿತ.

ಹೊಸ ಡ್ರೈವ್ ಹಳೆಯದಕ್ಕಿಂತ ಚಿಕ್ಕದು. 500 ಜಿಬಿಯ ಪಡಿಯಚ್ಚನ್ನು 256 ಜಿಬಿಯಲ್ಲಿ ಕೂಡಿಸಲಾಗದು. ಆದುದರಿಂದ ಹೊಸ ಡ್ರೈವಿನಲ್ಲಿ ವಿಭಾಗಗಳನ್ನು ಹೊಸದಾಗಿ ಮಾಡಿ ಕಡತಗಳನ್ನು ತುಂಬಿದ್ದರು. ಪ್ರತಿಯೊಂದು ವಿಭಾಗಕ್ಕೂ ಅದನ್ನು ಸೃಷ್ಟಿಸುವಾಗ ಒಂದು ವಿಶಿಷ್ಟ ಗುರುತುಸಂಖ್ಯೆ ದೊರೆಯುತ್ತದೆ. ಮುಖ್ಯ ವಿಭಾಗದ ಹೊಸ ಸಂಖ್ಯೆಯನ್ನು ವ್ಯವಸ್ಥೆಯ ಪಟ್ಟಿಯಲ್ಲಿ ತಿದ್ದಿದ್ದರು. ಸ್ಮೃತಿ ಸಾಲದಾದಾಗ ಬಳಕೆಯಾಗುವ ಸ್ವ್ಯಾಪ್ ವಿಭಾಗದ್ದನ್ನು ತಿದ್ದಲು ಮರೆತಿದ್ದರು. ಹೀಗಾಗಿ ಯಂತ್ರವು ಪ್ರತಿ ಬಾರಿ ಏಳುವಾಗಲೂ, ಈಗ ಇಲ್ಲದ ವಿಭಾಗವೊಂದಕ್ಕಾಗಿ 90 ಸೆಕೆಂಡು ಕಾದು, ಬಾರದೆಂದು ತಿಳಿದ ಮೇಲೆ ಮುಂದುವರಿಯುತ್ತಿತ್ತು. ಶಾಲೆ ಬಿಟ್ಟು ಹೋದ ಮಗುವಿನ ಹೆಸರನ್ನು ಹಾಜರಿ ಪುಸ್ತಕದಿಂದ ತೆಗೆಯದೆ ದಿನವೂ ಕರೆದು ಉತ್ತರಕ್ಕಾಗಿ ಕಾಯುವಂತೆ.

ಬಿಎಲ್‌ಕೆಐಡಿ ಎಂಬ ಆದೇಶವು ಈಗಿರುವ ವಿಭಾಗಗಳ ಸಂಖ್ಯೆಗಳನ್ನು ತೋರಿಸುತ್ತದೆ. ಅವನ್ನು ಎಫ್‌ಎಸ್‌ಟ್ಯಾಬ್ ಎಂಬ ಕಡತದಲ್ಲಿರುವ ಸಂಖ್ಯೆಗಳೊಡನೆ ಹೋಲಿಸಿದಾಗ ವ್ಯತ್ಯಾಸ ಕಂಡಿತು. ಮೂಲ ಕಡತದ ಪ್ರತಿಯೊಂದನ್ನು ಇಟ್ಟುಕೊಂಡು ಒಂದು ಸಾಲನ್ನು ತಿದ್ದಿದರು. ಕಾಯುವಿಕೆ ಅಲ್ಲಿಗೆ ನಿಂತಿತು. ಶಿಶಿರನಿದ್ರೆಯನ್ನು ಬಳಸುವವರು ರೆಸ್ಯೂಮ್ ಎಂಬ ಇನ್ನೊಂದು ಕಡತದಲ್ಲಿಯೂ ಈ ಸಂಖ್ಯೆಯನ್ನು ನೋಡಬೇಕು. ಅಲ್ಲಿ ಹಳೆಯ ಸಂಖ್ಯೆಯಿದ್ದರೆ, ಬರೆದಿಟ್ಟ ಸ್ಮೃತಿಯನ್ನು ಎಲ್ಲಿಂದ ಓದಬೇಕೆಂಬುದು ಯಂತ್ರಕ್ಕೆ ತಿಳಿಯದು. ಪರಿಣಾಮವಾಗಿ ನಿದ್ರೆಯಿಂದೇಳುವ ಬದಲು ಹೊಸದಾಗಿ ಆರಂಭವಾಗುತ್ತದೆ.

ಈ ಲಕ್ಷಣದಲ್ಲಿ ಡ್ರೈವಿನ ತಪ್ಪು ಏನೂ ಇರಲಿಲ್ಲ. ತಪ್ಪು ನಕಲು ಮಾಡಿದ ಕ್ರಮದಲ್ಲಿತ್ತು.

ಎರಡನೆಯ ಲಕ್ಷಣ: ಎದ್ದೂ ಏಳದ ಸ್ಥಿತಿ

ಇದೇ ಅತ್ಯಂತ ಹಾನಿಕರವಾದುದು, ಹುಡುಕಲು ಕಠಿಣವಾದುದೂ ಹೌದು. ಯಂತ್ರವು ತನ್ನ ಘಟನಾವಳಿಯನ್ನು ದಿನಚರಿಯಲ್ಲಿ ಬರೆದಿಡುತ್ತದೆ. ಆದರೆ ಆ ದಿನಚರಿ ಇರುವುದೂ ಅದೇ ಡ್ರೈವಿನಲ್ಲಿ. ಡ್ರೈವ್ ಉತ್ತರಿಸದಿದ್ದಾಗ “ಡ್ರೈವ್ ಉತ್ತರಿಸುತ್ತಿಲ್ಲ” ಎಂದು ಬರೆಯಲು ಪುಸ್ತಕವೇ ಇಲ್ಲ. ಹೀಗಾಗಿ ಮರಳಿ ಆರಂಭಿಸಿ ದಿನಚರಿ ತೆರೆದರೆ ಯಂತ್ರ ಮಲಗಿದ ಕ್ಷಣದವರೆಗಿನ ಬರಹ ಮಾತ್ರ ಇರುತ್ತದೆ, ಮುಂದಿನದು ಖಾಲಿ.

ಇದಕ್ಕೊಂದು ಸರಳ ಉಪಾಯವಿದೆ. ಮುಚ್ಚಳ ಮುಚ್ಚುವ ಮುನ್ನವೇ ಟರ್ಮಿನಲ್ ಕಿಟಕಿಯೊಂದನ್ನು ತೆರೆದು, ಕೆರ್ನೆಲ್ಲಿನ ಸಂದೇಶಗಳನ್ನು ಆಗಿಂದಾಗ ತೋರಿಸುತ್ತಿರುವಂತೆ ಡಿಮೆಸೆಜ್ ಎಂಬ ಆದೇಶವನ್ನು ಡಬ್ಲ್ಯು ಎಂಬ ಸೂಚಕದೊಡನೆ ಕೊಟ್ಟಿಡಬೇಕು. ಆ ಕಿಟಕಿ ಸ್ಮೃತಿಯಲ್ಲಿರುವುದರಿಂದ ಡ್ರೈವ್ ಇಲ್ಲದಿದ್ದರೂ ಸಂದೇಶಗಳು ಕಾಣುತ್ತವೆ. ಹಾಗೆ ಮಾಡಿದಾಗ ಐದನೆಯ ಪ್ರಯತ್ನದಲ್ಲಿ ಸಾಕ್ಷಿ ಸಿಕ್ಕಿತು. ಡ್ರೈವಿನ ಸಂಪರ್ಕ ನಿಧಾನವಾಗಿದೆ ಎಂದು ಒಂದು ಸಾಲು, ಆದೇಶ ವಿಫಲವಾಯಿತೆಂದು ಕೆಲವು ಸಾಲು, ಕೊನೆಗೆ ಕಡತವ್ಯವಸ್ಥೆಯನ್ನು ಓದಲು ಮಾತ್ರ ಬರುವ ಸ್ಥಿತಿಗೆ ತರಲಾಗಿದೆ ಎಂಬ ಸೂಚನೆ. ತೆರೆಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಟ್ಟರು.

ಈಗ ಪ್ರಶ್ನೆ ಚಿಕ್ಕದಾಯಿತು. ಸಂಪರ್ಕ ಏಕೆ ತಪ್ಪುತ್ತದೆ? ಅದಕ್ಕೆ ಎರಡು ಊಹೆಗಳಿದ್ದವು.

ಮೊದಲ ಊಹೆ ಜೋಡಣೆಯದು. ಹಳೆಯ ಲ್ಯಾಪ್‌ಟಾಪ್‌ಗಳ ಹಾರ್ಡ್ ಡಿಸ್ಕುಗಳಲ್ಲಿ ಬಹಳಷ್ಟು 9.5 ಮಿಲಿಮೀಟರ್ ದಪ್ಪದವು. ಅದೇ ಸ್ಥಳಕ್ಕೆ ಹಾಕುವ ಎಸ್‌ಎಸ್‌ಡಿ ಸಾಮಾನ್ಯವಾಗಿ 7 ಮಿಲಿಮೀಟರ್. ಎರಡೂವರೆ ಮಿಲಿಮೀಟರಿನ ಈ ಅಂತರವನ್ನು ತುಂಬಲು ಪ್ಲಾಸ್ಟಿಕ್ಕಿನ ಚೌಕಟ್ಟೊಂದನ್ನು ಇಡಬೇಕು, ಇಲ್ಲವೇ ಹಳೆಯ ಲೋಹದ ಹಿಡಿಕೆಗೆ ತಿರುಪುಗಳಿಂದ ಬಿಗಿಯಬೇಕು. ಸ್ಮಾರ್ಟ್ ಎಂಬ ಸ್ವಪರೀಕ್ಷಾ ವರದಿಯಲ್ಲಿ, ಹಲವು ಡ್ರೈವ್‌ಗಳು 199ನೆಯ ಅಂಶವಾಗಿ ಸಂಪರ್ಕದ ದಾರಿಯಲ್ಲಿ ಕೆಟ್ಟುಬಂದ ಮಾಹಿತಿಯ ಎಣಿಕೆಯನ್ನು ತೋರಿಸುತ್ತವೆ. ಡ್ರೈವಿನ ಒಡಲು ಕೆಟ್ಟಿದ್ದರೆ ಬೇರೆ ಅಂಕಗಳು ಏರುತ್ತವೆ. ಈ ಅಂಕವೊಂದೇ ಏರುತ್ತಿದ್ದರೆ ಜೋಡಣೆಯನ್ನು ಸಂಶಯಿಸಬೇಕು. ಇಲ್ಲಿ ಅದು ದಿನದಿನಕ್ಕೆ ಏರುತ್ತಿತ್ತು. ಬ್ಯಾಟರಿಯ ಸಂಪರ್ಕ ತಪ್ಪಿಸಿ, ಯಂತ್ರವನ್ನು ಬಿಚ್ಚಿ ನೋಡಿದಾಗ ಡ್ರೈವ್ ತನ್ನ ಗೂಡಿನಲ್ಲಿ ಸಡಿಲವಾಗಿತ್ತು. ಚೌಕಟ್ಟನ್ನು ಇಟ್ಟು ಬಿಗಿದರು. ಅಂಕ ಏರುವುದು ನಿಂತಿತು.

ಇಲ್ಲಿಗೆ ಕೆಲಸ ಮುಗಿಯಿತೆಂದು ತಿಳಿಯುವುದು ಸಹಜ. ಆದರೆ ಕೋಷ್ಟಕ ಹಾಗೆ ಹೇಳಲಿಲ್ಲ. ಮೊದಲು ಹತ್ತರಲ್ಲಿ ನಾಲ್ಕು ಸಲ ಸ್ತಬ್ಧವಾಗುತ್ತಿದ್ದ ಯಂತ್ರ ಈಗ ಹತ್ತರಲ್ಲಿ ಎರಡು ಸಲ ಹಾಗಾಗುತ್ತಿತ್ತು. ಒಂದು ನಿಜವಾದ ದೋಷ ಸರಿಯಾಗಿತ್ತು; ಇನ್ನೊಂದು ಉಳಿದಿತ್ತು. ಎರಡೇ ಸಲ ಪರೀಕ್ಷಿಸಿ “ಸರಿಯಾಯಿತು” ಎಂದು ಮುಚ್ಚಿದ್ದರೆ ಪರೀಕ್ಷೆಯ ವಾರದಲ್ಲಿ ಇನ್ನೊಮ್ಮೆ ಹಾಳೆಗಳು ಕಳೆಯುತ್ತಿದ್ದವು.

ಎರಡನೆಯ ಊಹೆ ವಿದ್ಯುತ್ ಉಳಿತಾಯದ್ದು. ಸಾಟಾ ಎಂಬ ಸಂಪರ್ಕಮಾರ್ಗವನ್ನು ಬಿಡುವಿನ ವೇಳೆಯಲ್ಲಿ ಕಡಿಮೆ ವಿದ್ಯುತ್ತಿನ ಸ್ಥಿತಿಗೆ ಇಳಿಸುವ ವ್ಯವಸ್ಥೆಯಿದೆ. ಡ್ರೈವ್ ಮತ್ತು ಯಂತ್ರದ ನಿಯಂತ್ರಕ ಎರಡೂ ಇದಕ್ಕೆ ಒಂದೇ ರೀತಿಯಲ್ಲಿ ಒಪ್ಪಬೇಕು. ಕೆಲವು ಜೋಡಿಗಳಲ್ಲಿ ಈ ಒಪ್ಪಂದ ಸರಿಯಾಗಿ ನಡೆಯುವುದಿಲ್ಲ. ಇಳಿದ ಸಂಪರ್ಕ ಮತ್ತೆ ಏರುವುದಿಲ್ಲ. ಇದರ ಧೋರಣೆಯನ್ನು ತಾತ್ಕಾಲಿಕವಾಗಿ ಗರಿಷ್ಠ ಸಾಮರ್ಥ್ಯ ಎಂಬ ಬೆಲೆಗೆ ಬದಲಿಸಬಹುದು. ಯಂತ್ರವನ್ನು ಮರಳಿ ಆರಂಭಿಸಿದರೆ ಮೊದಲಿನ ಬೆಲೆಯೇ ಬರುವುದರಿಂದ ಈ ಪರೀಕ್ಷೆಯಲ್ಲಿ ಅಪಾಯವಿಲ್ಲ. ಹಾಗೆ ಬದಲಿಸಿ ಇಪ್ಪತ್ತು ಸಲ ಮಲಗಿಸಿ ಎಬ್ಬಿಸಿದರು. ಒಮ್ಮೆಯೂ ಕೆಡಲಿಲ್ಲ. ಮರಳಿ ಹಳೆಯ ಬೆಲೆಗೆ ತಂದರು. ಏಳನೆಯ ಸಲಕ್ಕೆ ಕೆಟ್ಟಿತು. ಸರಿಪಡಿಸಿದ್ದನ್ನು ಮತ್ತೆ ಕೆಡಿಸಿ ನೋಡುವ ಈ ಹೆಜ್ಜೆಯನ್ನು ಹೆಚ್ಚಿನವರು ಬಿಡುತ್ತಾರೆ. ಊಹೆ ನಿರ್ಣಯವಾಗುವುದು ಈ ಹೆಜ್ಜೆಯಿಂದ. ಬಳಿಕ ಆ ಬೆಲೆಯನ್ನು ಸ್ಥಿರಗೊಳಿಸಿದರು. ಬ್ಯಾಟರಿ ತುಸು ಹೆಚ್ಚು ಖರ್ಚಾಗುತ್ತದೆ. ಕಳೆದುಹೋಗುವ ಹಾಳೆಗಳ ಮುಂದೆ ಅದು ದೊಡ್ಡ ವೆಚ್ಚವಲ್ಲ. ಡ್ರೈವಿನ ತಯಾರಕರು ಹೊಸ ಫರ್ಮ್‌ವೇರ್ ಕೊಟ್ಟಿದ್ದರೆ, ಕಡತಗಳ ಪ್ರತಿ ತೆಗೆದಿಟ್ಟು ಅದನ್ನು ಹಾಕಿ ನೋಡುವುದೂ ಯೋಗ್ಯ.

ಮೂರನೆಯ ಲಕ್ಷಣ: ಚೀಲದೊಳಗಿನ ಎಚ್ಚರ

ಬಿಸಿಯಾಗುವ ಯಂತ್ರದ ಕುರಿತು ಅಧ್ಯಾಪಿಕೆಗೆ ಸಂಶಯವೇ ಇರಲಿಲ್ಲ. ಡ್ರೈವ್ ಹಾಕಿಸಿದ ದಿನದಿಂದಲೇ ಹೀಗೆ. ಆದರೆ ಅಂಗಡಿಯ ರಸೀದಿಯಲ್ಲಿ ಇನ್ನೊಂದು ಸಾಲಿತ್ತು. ಅದೇ ದಿನ ತಂತಿಯಿಲ್ಲದ ಮೌಸ್ ಒಂದನ್ನೂ ಕೊಂಡಿದ್ದರು. ಅದರ ಯುಎಸ್‌ಬಿ ತುಣುಕನ್ನು ಯಂತ್ರದಲ್ಲಿಯೇ ಬಿಟ್ಟು, ಮೌಸನ್ನು ಆರಿಸದೆ ಅದೇ ಚೀಲದಲ್ಲಿಡುತ್ತಿದ್ದರು. ಇಂತಹ ತುಣುಕುಗಳು ತಮ್ಮನ್ನು ಕೀಲಿಮಣೆಯೆಂದೂ ಪರಿಚಯಿಸಿಕೊಳ್ಳುವುದುಂಟು. ಕೀಲಿಮಣೆಗೆ ಯಂತ್ರವನ್ನು ಎಬ್ಬಿಸುವ ಅಧಿಕಾರ ಸಾಮಾನ್ಯವಾಗಿ ಇರುತ್ತದೆ. ಬಸ್ಸು ಕುಲುಕಿದಾಗಲೆಲ್ಲ ಮೌಸ್ ಅಲುಗುತ್ತಿತ್ತು, ಯಂತ್ರ ಎಚ್ಚರಗೊಳ್ಳುತ್ತಿತ್ತು. ತುಣುಕನ್ನು ತೆಗೆದಿಟ್ಟು ಒಂದು ವಾರ ಪ್ರಯಾಣಿಸಿದಾಗ ತೊಂದರೆ ಕಾಣಲಿಲ್ಲ.

ಹಿರಿಯರು ಇದನ್ನು ಕಾಕತಾಳೀಯ ನ್ಯಾಯವೆಂದು ಕರೆದಿದ್ದಾರೆ. ಕಾಗೆ ಕುಳಿತ ಕ್ಷಣಕ್ಕೆ ತಾಳೆಯ ಹಣ್ಣು ಬಿದ್ದರೆ ಕಾಗೆಯೇ ಬೀಳಿಸಿತೆನ್ನುವುದು. ಒಂದರ ಬಳಿಕ ಇನ್ನೊಂದು ನಡೆಯಿತೆಂಬುದು ವಿಚಾರಿಸಲು ಕಾರಣವಾಗುತ್ತದೆ, ತೀರ್ಪಿಗೆ ಕಾರಣವಾಗುವುದಿಲ್ಲ.

ವಿಂಡೋಸ್ ಬಳಸುವವರಿಗೆ

ಸೊಲ್ಲಾಪುರ, ಅಕ್ಕಲಕೋಟೆ, ಹೊಸೂರು, ರಾಯದುರ್ಗ ಮೊದಲಾದೆಡೆಗಳಲ್ಲಿ ವಿಂಡೋಸ್ ಬಳಸುವ ಅಧ್ಯಾಪಕರೂ ಇದ್ದಾರೆ. ಅವರಿಗೂ ಕ್ರಮ ಇದೇ, ಉಪಕರಣ ಬೇರೆ. ಕಮಾಂಡ್ ಪ್ರಾಂಪ್ಟನ್ನು ನಿರ್ವಾಹಕ ಅಧಿಕಾರದೊಡನೆ ತೆರೆದು ಪವರ್‌ಸಿಎಫ್‌ಜಿ ಎಂಬ ಆದೇಶವನ್ನು ಬಳಸಬೇಕು.

1. ಓರೆಗೆರೆ ಮತ್ತು ಎ ಅಕ್ಷರವನ್ನು ಸೇರಿಸಿದರೆ ಯಂತ್ರದಲ್ಲಿ ಯಾವ ಬಗೆಯ ನಿದ್ರೆಗಳು ಲಭ್ಯವೆಂದು ತಿಳಿಯುತ್ತದೆ.

2. ಲಾಸ್ಟ್‌ವೇಕ್ ಎಂದರೆ ಕೊನೆಯ ಬಾರಿ ಯಾವುದು ಎಬ್ಬಿಸಿತೆಂಬುದನ್ನೂ, ವೇಕ್‌ಟೈಮರ್ಸ್ ಎಂದರೆ ಯಾವ ಕಾರ್ಯಕ್ರಮ ಎಬ್ಬಿಸಲು ಕಾದಿದೆಯೆಂಬುದನ್ನೂ ಹೇಳುತ್ತದೆ.

3. ಮಾಡರ್ನ್ ಸ್ಟ್ಯಾಂಡ್‌ಬೈ ಇರುವ ಯಂತ್ರಗಳಲ್ಲಿ ಸ್ಲೀಪ್‌ಸ್ಟಡಿ ಎಂಬುದು ಬ್ಯಾಟರಿ ಸೋರಿದ ಅವಧಿಗಳ ವರದಿಯನ್ನು ಕೊಡುತ್ತದೆ.

4. ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಎಂಬುದು ಭಾಗಶಃ ಶಿಶಿರನಿದ್ರೆಯೇ. ಡ್ರೈವನ್ನು ನಕಲು ಮಾಡುವ ಮುನ್ನ ಅದನ್ನು ನಿಲ್ಲಿಸಿ ಯಂತ್ರವನ್ನು ಪೂರ್ತಿ ಆರಿಸಬೇಕು. ನಕಲಿನ ಬಳಿಕ ಶಿಶಿರನಿದ್ರೆ ಕೆಟ್ಟಿದ್ದರೆ ಅದನ್ನು ಒಮ್ಮೆ ನಿಲ್ಲಿಸಿ ಮತ್ತೆ ಆರಂಭಿಸಿದರೆ ಅದರ ಕಡತ ಹೊಸದಾಗಿ ಸೃಷ್ಟಿಯಾಗುತ್ತದೆ.

5. ಬಯಾಸ್‌ನಲ್ಲಿ ಸಾಟಾ ವಿಧಾನವನ್ನು ಪ್ರಯೋಗಕ್ಕಾಗಿ ಬದಲಿಸಬಾರದು. ಪೂರ್ವಸಿದ್ಧತೆಯಿಲ್ಲದೆ ಬದಲಿಸಿದರೆ ವಿಂಡೋಸ್ ತೆರೆಯದೆ ಹೋಗಬಹುದು.

ತರಗತಿಗೆ

ಲಿಟ್ಲ್ ಕೈಟ್ಸ್ ಕೂಟದ ಮಕ್ಕಳಿಗೂ ವಿಜ್ಞಾನದ ತರಗತಿಗೂ ಈ ಪ್ರಸಂಗ ಚಟುವಟಿಕೆಯಾಗಬಲ್ಲದು. ಮೂರು ಲಕ್ಷಣಗಳನ್ನು ಮಾತ್ರ ಹೇಳಿ, ಮಕ್ಕಳು ಕೇಳುವ ಪ್ರಶ್ನೆಗಳಿಗೆ ಮಾತ್ರ ಉತ್ತರ ಕೊಡುತ್ತ ಹೋಗಬೇಕು. ರಸೀದಿಯಲ್ಲಿ ಇನ್ನೇನಿತ್ತೆಂದು ಕೇಳುವ ಮಗು ಸಿಕ್ಕರೆ ಪಾಠ ಸಾರ್ಥಕ. ಲಕ್ಷಣ, ಊಹೆ, ಪರೀಕ್ಷೆ, ಸಾಕ್ಷಿ, ನಿರ್ಣಯ ಎಂಬ ಐದು ಪದಗಳನ್ನು ಮಕ್ಕಳು ಕನ್ನಡದಲ್ಲಿಯೇ ಬಳಸಲಿ. ಯಂತ್ರದ ಆದೇಶಗಳು ಇಂಗ್ಲಿಷಿನಲ್ಲಿದ್ದರೂ ಯೋಚನೆ ಕನ್ನಡದಲ್ಲಿ ನಡೆಯಲು ಅಡ್ಡಿಯಿಲ್ಲ ಎಂಬುದು ಆಗ ಅವರಿಗೆ ತಾನಾಗಿ ತಿಳಿಯುತ್ತದೆ.

ಅಧ್ಯಾಪಿಕೆ ಕಳೆದುಹೋದ ಹಾಳೆಗಳನ್ನು ಎರಡು ರಾತ್ರಿ ಕುಳಿತು ಮತ್ತೆ ಟೈಪು ಮಾಡಿದರು; ಪರೀಕ್ಷೆಗೆ ಮೂರು ದಿನ ಮುಂಚೆ ಅವು ಮಕ್ಕಳ ಕೈ ಸೇರಿದವು. ಕೋಷ್ಟಕವಿದ್ದ ಪುಸ್ತಕವನ್ನು ಅಧ್ಯಾಪಕರ ಕೊಠಡಿಯ ಕಪಾಟಿನಲ್ಲಿ ಇಟ್ಟರು. ನವೆಂಬರಿನಲ್ಲಿ ಇನ್ನೊಬ್ಬ ಅಧ್ಯಾಪಕರ ಲ್ಯಾಪ್‌ಟಾಪ್ ಆರಂಭದಲ್ಲಿ ಒಂದೂವರೆ ನಿಮಿಷ ಕಾಯತೊಡಗಿದಾಗ, ಅವರು ಯಾರನ್ನೂ ಕೇಳದೆ ಆ ಪುಸ್ತಕ ತೆರೆದು ಅರ್ಧ ಗಂಟೆಯಲ್ಲಿ ಕಾರಣ ಕಂಡುಕೊಂಡರು. ಕನ್ನಡದಲ್ಲಿ ಬರೆದಿಟ್ಟಿದ್ದ ನಾಲ್ಕು ಪುಟಗಳೇ ಅದಕ್ಕೆ ಸಾಕಾಗಿದ್ದವು. ಪ್ರತಿಯೊಂದು ಶಾಲೆಯ ಕಪಾಟಿನಲ್ಲಿಯೂ ಅಂತಹ ಒಂದು ಪುಸ್ತಕ ಇರಲಿ.